ಪುಕ್ಸಟ್ಟೆ ಜಿಮ್ಮು, ಬೀಗ ಹಾಕಿದ ಗೇಟು

ಬೆಂಗಳೂರಿನ ಯಾವುದಾದರೂ ಬಡಾವಣೆಯ ಪಾರ್ಕಿಗೆ ಹೋಗಿ, ಒಂದು ಮೂಲೆಯಲ್ಲಿ ಅವು ನಿಂತಿರುತ್ತವೆ. ಹಳದಿ-ನೀಲಿ, ಇಲ್ಲವೇ ಹಸಿರು-ಕೆಂಪು ಬಣ್ಣ ಬಳಿದ ಏಳೆಂಟು ಕಬ್ಬಿಣದ ಮೆಷಿನ್ನುಗಳು. ಒಂದರ ಮೇಲೆ ನಿಂತು ಗಾಳಿಯಲ್ಲಿ ನಡೆಯಬಹುದು, ಇನ್ನೊಂದರ ಮೇಲೆ ನಿಂತು ಸೊಂಟ ತಿರುಗಿಸಬಹುದು, ಮತ್ತೊಂದರಲ್ಲಿ ಕೂತು ಹಿಡಿ ಎಳೆದರೆ ಕೂತ ಸೀಟೇ ಮೇಲಕ್ಕೆ ಏಳುತ್ತದೆ. ಪಕ್ಕದಲ್ಲೊಂದು ಬೋರ್ಡು, ಬೋರ್ಡಿನಲ್ಲಿ ಕೈ ಮುಗಿದು ನಿಂತ ಜನಪ್ರತಿನಿಧಿ. ಇದಕ್ಕೆ ಓಪನ್ ಜಿಮ್ ಅಂತ ಹೆಸರು. ಕೈಗೆ ಸ್ಮಾರ್ಟ್‌ವಾಚ್ ಕಟ್ಟಿಕೊಂಡು ಹೆಜ್ಜೆ ಎಣಿಸುವ ನಮ್ಮಂಥವರು ಇವನ್ನು ನೋಡಿ ನಗುವುದೇ ಹೆಚ್ಚು. ಸೀರೆ ಮೇಲೆ ಸ್ವೆಟರ್ ಹಾಕಿ, ತಲೆಗೆ ಮಫ್ಲರ್ ಸುತ್ತಿಕೊಂಡ ಆಂಟಿಯರು ಗಾಳಿಯಲ್ಲಿ ನಡೆಯುತ್ತಾ ಸೊಸೆಯ ಕಥೆ ಹೇಳುವ ರೀಲ್ಸ್ ನೀವೂ ನೋಡಿರುತ್ತೀರಿ, ಫಾರ್ವರ್ಡೂ ಮಾಡಿರುತ್ತೀರಿ.

ನನಗೆ ಮಾತ್ರ ಈ ಮೆಷಿನ್ನುಗಳ ಬಗ್ಗೆ ಬಹಳ ಗೌರವ. ನಮ್ಮ ತೆರಿಗೆ ದುಡ್ಡಿನಲ್ಲಿ ಆರೋಗ್ಯಕ್ಕೆ ಅಂತ ಮಾಡಿದ ಕೆಲಸಗಳಲ್ಲಿ, ಚೀಟಿ ಬರೆಸದೆ, ಆಧಾರ್ ತೋರಿಸದೆ, ಯಾರ ಮುಂದೆಯೂ ನಿಲ್ಲದೆ ಬಳಸಬಹುದಾದ್ದು ಎಷ್ಟಿವೆ ಹೇಳಿ? ಆದರೆ ಗೌರವದ ಜೊತೆಗೇ ಒಂದು ತಕರಾರೂ ಇದೆ. ಫೀಸು ಇಲ್ಲ ಅಂದಮಾತ್ರಕ್ಕೆ ಅದು ಎಲ್ಲರಿಗೂ ಸಿಕ್ಕಿತು ಅಂತ ನಾವು ಅಂದುಕೊಂಡುಬಿಡುತ್ತೇವೆ. ಹಾಗಿಲ್ಲ. ಯಾರಿಗೆ ಅದು ಎಲ್ಲರಿಗಿಂತ ಹೆಚ್ಚು ಬೇಕೋ ಅವರು ಇನ್ನೂ ಗೇಟಿನ ಆಚೆಗೇ ಇದ್ದಾರೆ.

ಮೊದಲು ಮೆಷಿನ್ನಿನ ವಿಷಯ ಹೇಳಿಬಿಡ್ತೀನಿ, ಇಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದರೂ ಮಾಡಬೇಕಲ್ಲ. ಮಾಮೂಲಿ ಜಿಮ್ಮಿನಲ್ಲಿ ಕಬ್ಬಿಣದ ಪ್ಲೇಟುಗಳಿರುತ್ತವೆ, ಐದು ಕೆಜಿ, ಹತ್ತು ಕೆಜಿ. ಇಲ್ಲಿ ಅವಿಲ್ಲ. ಹಿಡಿಯನ್ನು ಎಳೆದಾಗ ಅಥವಾ ತಳ್ಳಿದಾಗ ಒಂದು ಸನ್ನೆಕೋಲು ನಿಮ್ಮ ಸೀಟನ್ನು ಎತ್ತುತ್ತದೆ. ಅಂದರೆ ನೀವು ಎತ್ತುತ್ತಿರುವುದು ನಿಮ್ಮದೇ ತೂಕದ ಒಂದು ಭಾಗವನ್ನು. ಐವತ್ತು ಕೆಜಿಯವರಿಗೆ ಕಮ್ಮಿ ಭಾರ, ಎಂಬತ್ತು ಕೆಜಿಯವರಿಗೆ ಜಾಸ್ತಿ ಭಾರ, ಲೆಕ್ಕ ತಾನಾಗೇ ಆಗುತ್ತೆ. ಕದ್ದೊಯ್ಯೋಕೆ ಪ್ಲೇಟಿಲ್ಲ, ಕಾಲ ಮೇಲೆ ಬೀಳೋದಿಲ್ಲ, ಕರೆಂಟು ಬೇಡ, ಹೇಳಿಕೊಡುವವರು ಇಲ್ಲದಿದ್ದರೂ ಅಪಾಯ ಕಮ್ಮಿ. ಬಯಲಲ್ಲಿ ಬಿಟ್ಟು ಹೋಗುವ ಸಾಮಾನು ಹೇಗಿರಬೇಕೋ ಹಾಗೇ ಇದೆ.

ಇದರ ಮಿತಿಯೂ ಅದೇ ಸನ್ನೆಕೋಲಿನಲ್ಲಿದೆ. ಮೂರು ತಿಂಗಳು ಮಾಡಿ ನಿಮಗೆ ಶಕ್ತಿ ಬಂತು ಅಂದುಕೊಳ್ಳಿ, ಭಾರ ಹೆಚ್ಚಿಸೋಕೆ ದಾರಿ ಇಲ್ಲ. ಗಾಳಿಯಲ್ಲಿ ನಡೆಯುವ ಮೆಷಿನ್ನಂತೂ ಉಯ್ಯಾಲೆಯ ಜಾತಿಯದ್ದು. ಒಮ್ಮೆ ತೂಗಿಬಿಟ್ಟರೆ ಅದೇ ನಿಮ್ಮ ಕಾಲನ್ನು ಕರಕೊಂಡು ಹೋಗುತ್ತೆ. ಮಂಡಿಗೆ ಭಾರ ಬೀಳದೆ ಸೊಂಟದ ಕೀಲು ಆಡುತ್ತೆ ಅಷ್ಟೇ, ದೊಡ್ಡ ಕಸರತ್ತೇನೂ ಆಗಲ್ಲ. ಸಿಕ್ಸ್‌ಪ್ಯಾಕ್ ಬೇಕಿದ್ದವರು ಬೇರೆ ಕಡೆ ಹೋಗಬೇಕು. ಆದರೆ ಸಿಕ್ಸ್‌ಪ್ಯಾಕ್ ಬೇಕಿದ್ದವರಿಗೆ ಬೇರೆ ಕಡೆ ಇದ್ದೇ ಇದೆ. ಇದು ಹುಟ್ಟಿದಾಗಿಂದ ಒಂದು ದಿನವೂ ತನಗೋಸ್ಕರ ಅಂತ ಮೈ ಬಗ್ಗಿಸದವರ ಮೆಷಿನ್ನು. ಸೊನ್ನೆಯಿಂದ ಒಂದಕ್ಕೆ ಹೋಗುವವರದ್ದು.

ಆ ಸೊನ್ನೆ-ಒಂದರ ಮಧ್ಯದ ದೂರ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸೂಚನೆಯ ಪ್ರಕಾರ ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯುವಂಥ ಚಟುವಟಿಕೆ ಮಾಡಬೇಕು. ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಭಾರ ಕೊಡುವ ಕಸರತ್ತು ಬೇಕು. ನಡಿಗೆಯ ಮಾತು ಎಲ್ಲರ ಕಿವಿಗೂ ಬಿದ್ದಿದೆ, ಎರಡನೆಯದು ಅಷ್ಟಾಗಿ ಬಿದ್ದಿಲ್ಲ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ ನಮ್ಮ ದೇಶದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಬೇಕಾದಷ್ಟು ಮೈ ಆಡಿಸುತ್ತಿಲ್ಲ. ಗಂಡಸರಲ್ಲಿ ಅದು ನೂರಕ್ಕೆ 42, ಹೆಂಗಸರಲ್ಲಿ 57. ಈ ಹದಿನೈದರ ವ್ಯತ್ಯಾಸಕ್ಕೆ ಸೋಮಾರಿತನ ಕಾರಣ ಅಂತ ಹೇಳುವ ಧೈರ್ಯ, ಹಳ್ಳಿಯ ಹೆಣ್ಣುಮಕ್ಕಳನ್ನು ನೋಡಿರುವ ಯಾರಿಗೂ ಬರಲ್ಲ.

ಪುಕ್ಸಟ್ಟೆ ಜಿಮ್ ನಮಗೆ ಹೊಸದೇನಲ್ಲ. ನಮ್ಮೂರು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ. ಅಲ್ಲೊಂದು ಗರಡಿ ಮನೆ ಇತ್ತು. ತಗ್ಗಿನ ಬಾಗಿಲು, ಬಗ್ಗಿಕೊಂಡೇ ಒಳಗೆ ಹೋಗಬೇಕು. ಒಳಗೆ ಜರಡಿ ಹಿಡಿದ ಕೆಮ್ಮಣ್ಣಿನ ಅಖಾಡ, ಗೋಡೆಗೆ ಒರಗಿಸಿದ ಗದೆಗಳು, ಮೂಲೆಯಲ್ಲಿ ಕಲ್ಲುಗುಂಡು, ಗೂಡಿನಲ್ಲಿ ಆಂಜನೇಯ. ದಂಡ, ಬಸ್ಕಿ ಹೊಡೆದು ಮೈ ಬೆವರಿಸಿದ ಹುಡುಗರು ಮಣ್ಣಿಗೆ ಇಳಿಯೋರು. ದಸರಾ ಹತ್ತಿರ ಬಂತು ಅಂದರೆ ಮೈಸೂರಿನ ಕುಸ್ತಿಯ ಮಾತೇ ಮಾತು. ಯಾರೂ ಯಾರಿಗೂ ಫೀಸು ಕಟ್ಟಲಿಲ್ಲ. ಹಬ್ಬಕ್ಕೆ ಉಸ್ತಾದರಿಗೆ ಎಲೆ-ಅಡಿಕೆ ಇಟ್ಟು ಕಾಲು ಮುಟ್ಟಿದರೆ ಮುಗೀತು. ನಮ್ಮ ಹಳ್ಳಿಗಳಲ್ಲಿ ಆರೋಗ್ಯ ಉಚಿತವಾಗಿತ್ತು ಅಂತ ಫೇಸ್‌ಬುಕ್ಕಿನಲ್ಲಿ ನಿಟ್ಟುಸಿರು ಬಿಡುವವರು ನೆನಪಿಸಿಕೊಳ್ಳುವುದು ಇದನ್ನೇ.

ಸರಿ, ಆದರೆ ಆ ತಗ್ಗಿನ ಬಾಗಿಲಿನೊಳಗೆ ನಮ್ಮಮ್ಮ ಒಂದು ದಿನವೂ ಕಾಲಿಟ್ಟಿಲ್ಲ. ನಮ್ಮೂರಿನ ಯಾವ ಹೆಂಗಸೂ ಇಟ್ಟಿಲ್ಲ. ಇಡುವ ಹಾಗಿರಲಿಲ್ಲ. ಊರಿನ ಅರ್ಧದಷ್ಟು ಜನಕ್ಕೆ ಇಲ್ಲದ ಜಾಗವನ್ನು ಊರಿನ ಜಾಗ ಅಂತ ಕರೆಯುವುದು ನಮಗೆಲ್ಲ ರೂಢಿಯಾಗಿತ್ತು.

ಅಮ್ಮನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದಾಗ ನಂಬೋಕೆ ಮನೆಯಲ್ಲಿ ಯಾರೂ ತಯಾರಿರಲಿಲ್ಲ. ಒಣಕಲು ಮೈ, ನಲವತ್ತೆಂಟು ಕೆಜಿ. ನಾಟಿ, ಕಳೆ, ಹಸು, ಸೌದೆ ಅಂತ ಬೆಳಗಿನಿಂದ ರಾತ್ರಿವರೆಗೆ ಕೂರದ ಜೀವ. “ದಪ್ಪಗಿರೋರ್ಗಲ್ವಾ ಮಗ ಸುಗರ್ ಬರೋದು?” ಅಂತ ನನ್ನನ್ನೇ ಕೇಳಿದರು. ಹಾಗೇನಿಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ದಶಕಗಳಿಂದ ಹೇಳುತ್ತಾ ಬಂದಿರುವ ಮಾತೊಂದಿದೆ: ಭಾರತೀಯರ ಮೈ ಹೊರಗಿನಿಂದ ಸಣ್ಣ, ಒಳಗೆ ಕೊಬ್ಬು. ತೂಕ ಕಮ್ಮಿ ಇದ್ದರೂ ಸ್ನಾಯು ಇನ್ನೂ ಕಮ್ಮಿ, ಕೊಬ್ಬಿನ ಪಾಲು ಜಾಸ್ತಿ. ಊಟ ಆದಮೇಲೆ ರಕ್ತಕ್ಕೆ ಬಂದ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳಬೇಕಾದ್ದು ಸ್ನಾಯುಗಳು. ಅವೇ ಕಮ್ಮಿ ಇದ್ದರೆ ಸಕ್ಕರೆ ಎಲ್ಲಿಗೆ ಹೋಗಬೇಕು? ಐಸಿಎಂಆರ್ ಸಹಯೋಗದ ಇಂಡಿಯಾಬ್ ಅಧ್ಯಯನ 2023ರಲ್ಲಿ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ ಲೆಕ್ಕ ಕೊಟ್ಟಿತು. ಕಾಯಿಲೆ ಪೇಟೆಯಲ್ಲಿ ಹೆಚ್ಚು ನಿಜ, ಆದರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರ ಪ್ರಮಾಣದಲ್ಲಿ ಹಳ್ಳಿಗೂ ಪೇಟೆಗೂ ಹೆಚ್ಚುಕಮ್ಮಿ ವ್ಯತ್ಯಾಸವೇ ಇಲ್ಲ.

ಡಾಕ್ಟರು ದಿನಾ ನಡೀರಿ ಅಂದರು. ಊರಲ್ಲಿ ಹೆಂಗಸೊಬ್ಬಳು ಸುಮ್ಮನೆ ನಡೆಯುವುದು ಎಷ್ಟು ಕಷ್ಟ ಅನ್ನೋದು ಆಗ ಅರ್ಥವಾಯಿತು. ಕೈಯಲ್ಲಿ ಬಿಂದಿಗೆ ಇದ್ದರೆ ನಡೆಯಬಹುದು, ತಲೆ ಮೇಲೆ ಹುಲ್ಲಿನ ಹೊರೆ ಇದ್ದರೆ ನಡೆಯಬಹುದು. ಬರಿಗೈಯಲ್ಲಿ, ಬಿರಬಿರನೆ, ಎಲ್ಲಿಗೂ ಅಲ್ಲದೆ ನಡೆದರೆ ಪ್ರತಿ ಜಗುಲಿಯಿಂದಲೂ ಒಂದೊಂದು ಪ್ರಶ್ನೆ ಬರುತ್ತೆ. “ಎಲ್ಗಕ್ಕ ಹೊಂಟೆ?” “ಯಾಕ್ ಒಬ್ಳೇ ಓಯ್ತಿದ್ದೀಯೆ, ಮನೇಲೇನಾರ ಆಯ್ತಾ?” ಮೂರನೇ ದಿನಕ್ಕೆ ಅಮ್ಮ ನಿಲ್ಲಿಸಿಬಿಟ್ಟರು. “ಸುಮ್ಸುಮ್ನೆ ತಿರುಗ್ತಾವ್ಳೆ ಅಂದ್ಕೊಳಲ್ವಾ ಜನ?” ಅಂದರು. ಗುಳಿಗೆ ನುಂಗುವುದು ಅದಕ್ಕಿಂತ ಸುಲಭವಿತ್ತು.

ನಾಲ್ಕು ತಿಂಗಳು ನಮ್ಮ ಜೊತೆ ಬೆಂಗಳೂರಿನಲ್ಲಿ ಇರಲು ಬಂದಾಗ ಮನೆ ಹತ್ತಿರದ ಪಾರ್ಕಿಗೆ ಕರಕೊಂಡು ಹೋದೆ. ಮೊದಲ ವಾರ ಕಲ್ಲುಬೆಂಚಿನ ಮೇಲೆ ಕೂತು ನೋಡಿದರು. ಅಲ್ಲಿ ಹೆಂಗಸರ ಒಂದು ಗುಂಪಿತ್ತು, ಅರ್ಧ ಜನ ಸೀರೆಯವರು, ಒಬ್ಬರು ಬುರ್ಖಾ ಹಾಕಿದವರು, ಇಬ್ಬರು ಚೂಡಿದಾರದವರು. ಎರಡನೇ ವಾರ ಅವರಲ್ಲಿ ಯಾರೋ ಕೈ ಹಿಡಿದು ಗಾಳಿ ನಡಿಗೆಯ ಮೆಷಿನ್ ಹತ್ತಿಸಿದರು. ತಿಂಗಳಾಗುವಷ್ಟರಲ್ಲಿ ಅಮ್ಮ ಸೀಟು ಏಳುವ ಮೆಷಿನ್ನಿನಲ್ಲಿ ಕೂತು ಹದಿನೈದು ಎಣಿಸುವವರೆಗೆ ಎಳೆಯುತ್ತಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಥೇಟ್ ನಾಟಿಗೆ ಇಳಿದ ಹಾಗೆ. ನಮ್ಮಮ್ಮ ಯಾರಿಗೋಸ್ಕರವೂ ಅಲ್ಲದೆ, ಯಾವ ಕೆಲಸವೂ ಅಲ್ಲದೆ ಮೈಯನ್ನು ದಣಿಸಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಕ್ಕರೆ ಮಾಯವಾಯಿತು ಅಂತೆಲ್ಲ ಹೇಳೋದಿಲ್ಲ. ಗುಳಿಗೆ ಇವತ್ತಿಗೂ ಇದೆ. ಕೂತಲ್ಲಿಂದ ಕೈ ಊರದೆ ಏಳುವುದು ಸಾಧ್ಯವಾಯಿತು, ರಾತ್ರಿ ನಿದ್ದೆ ಬಂತು. ನಮಗೆ ಅಷ್ಟೂ ದೊಡ್ಡದೇ.

ಪಾರ್ಕಿನಲ್ಲಿ ಈ ಮೆಷಿನ್ನು ನಿಜವಾಗಿ ಕೊಡುವುದು ನೆಪವನ್ನು ಅಂತ ನನಗೆ ಅನ್ನಿಸಿದ್ದು ಆಗಲೇ. ಇಲ್ಲಿ ನಿಂತಿದ್ದೀಯ ಯಾಕೆ ಅಂತ ಯಾರೂ ಕೇಳದ ಒಂದು ಜಾಗ. ಗರಡಿ ಹುಡುಗರಿಗೆ ಕೊಟ್ಟಿದ್ದೂ ಅದನ್ನೇ. ನಮ್ಮಮ್ಮನಿಗೆ ಅದು ಐವತ್ತೆಂಟನೇ ವಯಸ್ಸಿನಲ್ಲಿ, ಬೇರೆ ಊರಿನಲ್ಲಿ ಸಿಕ್ಕಿತು.

ಈಗ ಗೇಟಿನ ಆಚೆಯವರ ವಿಷಯ. ನಮ್ಮ ಮನೆಗೆ ಅಡುಗೆಗೆ ಬರುವ ಅಕ್ಕ ದಿನಕ್ಕೆ ಐದು ಮನೆ ಮಾಡುತ್ತಾರೆ. ಬೆಳಿಗ್ಗೆ ಆರಕ್ಕೆ ಶುರು, ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಬಿಡುವು, ಮತ್ತೆ ರಾತ್ರಿ ಎಂಟರವರೆಗೆ ಕೆಲಸ. ಅವರಿಗೂ ಸಕ್ಕರೆ, ಜೊತೆಗೆ ಬಿಪಿ. ಅಮ್ಮನ ಪಾರ್ಕಿನ ಕಥೆ ಕೇಳಿ ಅವರು ನಕ್ಕರು. “ನಾನು ಬಿಡುವಾಗಿರೋ ಹೊತ್ತಲ್ಲಿ ಅದಕ್ಕೆ ಬೀಗ ಹಾಕಿರ್ತಾರಲ್ಲಣ್ಣ.” ಹೌದು. ನಮ್ಮ ಪಾರ್ಕು ಬೆಳಿಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ತೆರೆದಿರುತ್ತಿತ್ತು. ಅಂದರೆ ಆಫೀಸಿಗೆ ಹೋಗುವ ಮೊದಲು, ಆಫೀಸಿನಿಂದ ಬಂದ ಮೇಲೆ. ಆ ವೇಳಾಪಟ್ಟಿ ನನ್ನ ದಿನಕ್ಕೆ ಅಳತೆ ತೆಗೆದು ಹೊಲಿದ ಹಾಗಿತ್ತು. ನನ್ನ ದಿನ ಸಲೀಸಾಗಿ ನಡೆಯಲಿ ಅಂತ ಅದೇ ಹೊತ್ತಿನಲ್ಲಿ ಕೆಲಸ ಮಾಡುವವರ ಅಳತೆ ಅದರಲ್ಲಿ ಇರಲಿಲ್ಲ.

ಈ ಮಾತು ತೆಗೆದರೆ ವಿದ್ಯಾವಂತರೇ ಕೇಳುವ ಪ್ರಶ್ನೆ ಒಂದಿದೆ: ದಿನವಿಡೀ ಮೈಮುರಿದು ದುಡಿಯೋರಿಗೆ ವ್ಯಾಯಾಮ ಯಾಕೆ ಬೇಕು? ಕೇಳೋಕೆ ನ್ಯಾಯವಾಗೇ ಇದೆ. ಆದರೆ ದುಡಿಮೆಯ ದಣಿವು ಬೇರೆ, ವ್ಯಾಯಾಮದ ದಣಿವು ಬೇರೆ ಅಂತ ಸಂಶೋಧಕರು ಬಹಳ ವರ್ಷದಿಂದ ಹೇಳುತ್ತಿದ್ದಾರೆ. ಹೃದಯದ ಮಟ್ಟಿಗೆ ಬಿಡುವಿನ ವೇಳೆಯ ಚಟುವಟಿಕೆ ಮಾಡುವ ಉಪಕಾರವನ್ನು ಹೊಟ್ಟೆಪಾಡಿನ ಚಟುವಟಿಕೆ ಮಾಡುವುದಿಲ್ಲ ಅನ್ನುವುದನ್ನು ಅವರು ಫಿಸಿಕಲ್ ಆಕ್ಟಿವಿಟಿ ಪ್ಯಾರಡಾಕ್ಸ್ ಅಂತಲೇ ಕರೆಯುತ್ತಾರೆ. ಯೋಚಿಸಿ ನೋಡಿ. ವ್ಯಾಯಾಮದಲ್ಲಿ ಸ್ವಲ್ಪ ಹೊತ್ತು ಮೈ ಬಿಸಿಯಾಗುತ್ತೆ, ಆಮೇಲೆ ವಿಶ್ರಾಂತಿ ಸಿಗುತ್ತೆ, ಸಾಕು ಅನ್ನಿಸಿದಾಗ ನಿಲ್ಲಿಸಬಹುದು. ನೆಲ ಒರೆಸುವ ಕೆಲಸದಲ್ಲಿ ಅದೇ ಸೊಂಟ, ಅದೇ ಮಂಡಿ, ಗಂಟೆಗಟ್ಟಲೆ ಒಂದೇ ರೀತಿ ಬಗ್ಗುತ್ತದೆ, ಉಸಿರು ಏರುವುದಿಲ್ಲ, ನಿಲ್ಲಿಸುವ ಹಕ್ಕೂ ಇಲ್ಲ. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರದ್ದು ಇನ್ನೊಂದು ಬಗೆ. ಹನ್ನೆರಡು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಯುವ ಅವರ ಕೆಲಸ, ಹನ್ನೆರಡು ಗಂಟೆ ಮಾನಿಟರ್ ಮುಂದೆ ಕೂರುವ ನಮ್ಮ ಕೆಲಸಕ್ಕಿಂತ ಮೈಗೆ ಒಳ್ಳೆಯದೇನಲ್ಲ. ನಮಗೆ ಸಿಗುವ ಒಳ್ಳೆಯ ಕುರ್ಚಿಯೂ ಅವರಿಗಿಲ್ಲ.

ಹಾಗೆ ನೋಡಿದರೆ ನಮಗೆ ಏನೆಲ್ಲ ಸಿಗುತ್ತೆ ಅಂತ ಒಮ್ಮೆ ಲೆಕ್ಕ ಹಾಕಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕ್ಯಾಂಪಸ್ಸಿನಲ್ಲಿ ಏಸಿ ಹಾಕಿದ ಜಿಮ್ ಇತ್ತು, ಟ್ರೈನರ್ ಇದ್ದರು, ಬಿಸಿನೀರಿನ ಶವರ್ ಇತ್ತು. ಹೆಜ್ಜೆ ಎಣಿಸಿದರೆ ಪಾಯಿಂಟು, ಪಾಯಿಂಟಿಗೆ ವೋಚರು. ಅಲ್ಲಿ ಟ್ರೆಡ್‌ಮಿಲ್ ಒರೆಸುತ್ತಿದ್ದ ಹೌಸ್‌ಕೀಪಿಂಗ್ ಹೆಣ್ಣುಮಗಳು ಅದರ ಮೇಲೆ ಕಾಲಿಡುವ ಹಾಗಿರಲಿಲ್ಲ. ಬೇಡ ಅಂತ ಬರೆದ ಬೋರ್ಡೇನೂ ಇರಲಿಲ್ಲ. ಅವರ ಬ್ಯಾಡ್ಜಿನ ಬಣ್ಣ ಬೇರೆ ಇತ್ತು, ಅಷ್ಟೆ. ಹೊರಗಿನ ಜಿಮ್ಮಿಗೆ ಹೋಗೋಣ ಅಂದರೆ ನಮ್ಮ ಏರಿಯಾದಲ್ಲಿ ತಿಂಗಳಿಗೆ ಸಾವಿರದ ಐನೂರು. ಅಡುಗೆ ಅಕ್ಕನಿಗೆ ಅದು ಒಂದು ಮನೆಯ ಅರ್ಧ ಸಂಬಳ. ಹಾಗಾಗಿ ಆ ಏಳೆಂಟು ಕಬ್ಬಿಣದ ಮೆಷಿನ್ನು ಬಿಟ್ಟರೆ ಅವರಿಗೆ ಎರಡನೇ ದಾರಿ ಇಲ್ಲ.

2024ರಲ್ಲಿ ಬಿಬಿಎಂಪಿ ತನ್ನ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವುದಾಗಿ ಪ್ರಕಟಿಸಿತು. ನನ್ನ ಮಟ್ಟಿಗೆ ಹತ್ತು ಹೊಸ ಮೆಷಿನ್ ಹಾಕುವುದಕ್ಕಿಂತ ದೊಡ್ಡ ಕೆಲಸ ಅದು, ಖರ್ಚೂ ಕಮ್ಮಿ. ನಮ್ಮ ಬಡಾವಣೆಯ ನಿವಾಸಿಗಳ ಸಭೆಯಲ್ಲಿ ಮಾತ್ರ ಅದಕ್ಕೆ ದೊಡ್ಡ ವಿರೋಧ ಬಂತು. ಮಧ್ಯಾಹ್ನ ತೆರೆದಿಟ್ಟರೆ ಡೆಲಿವರಿ ಹುಡುಗರು, ಡ್ರೈವರ್‌ಗಳು ಬಂದು ಮಲಗ್ತಾರೆ ಅಂದರು ಒಬ್ಬರು. ಹೊರಗಿನವರು ಜಾಸ್ತಿ ಆಗ್ತಾರೆ, ಹೆಣ್ಣುಮಕ್ಕಳಿಗೆ ಸೇಫ್ ಅಲ್ಲ ಅಂದರು ಇನ್ನೊಬ್ಬರು. ನಾನು ಎದ್ದು ನಿಂತು ಎರಡು ಮಾತಾಡಿದೆ. ಪಾರ್ಕು ನಮ್ಮ ಅಸೋಸಿಯೇಷನ್ನಿನದ್ದಲ್ಲ, ಊರಿನದ್ದು. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸೋಕೆ ಕರ್ನಾಟಕದಲ್ಲಿ 1985ರಿಂದ ಪ್ರತ್ಯೇಕ ಕಾಯ್ದೆಯೇ ಇದೆ, ಅದು ಎದುರುಮನೆಯವರ ನಿದ್ದೆಗೋಸ್ಕರ ಮಾಡಿದ್ದಲ್ಲ. ಇನ್ನು ಹೆಣ್ಣುಮಕ್ಕಳ ಸುರಕ್ಷತೆಯ ಮಾತು. ಖಾಲಿ ಪಾರ್ಕಿಗಿಂತ ಜನ ಇರುವ ಪಾರ್ಕು ಹೆಣ್ಣುಮಕ್ಕಳಿಗೆ ಹೆಚ್ಚು ಸುರಕ್ಷಿತ, ಬೀಗಕ್ಕಿಂತ ಬೀದಿದೀಪ ಹೆಚ್ಚು ಕೆಲಸ ಮಾಡುತ್ತೆ. ಹೊರಗಿನವರು ಅಂತ ಅವರು ಹೇಳಿದವರಲ್ಲಿ ನಮ್ಮ ಮನೆಗಳ ಒಲೆ ಹಚ್ಚುವವರೂ ಇದ್ದರು, ಬೆಳಗಿನ ಹಾಲಿನ ಪ್ಯಾಕೆಟ್ ತರುವವರೂ ಇದ್ದರು. ಬಾಗಿಲ ಒಳಗೆ ಬಂದಾಗ ನಮ್ಮವರು, ಪಾರ್ಕಿನ ಗೇಟಿನ ಹತ್ತಿರ ಹೊರಗಿನವರು ಅಂದರೆ ಹೇಗೆ? ಡೆಲಿವರಿ ಹುಡುಗ ಅರ್ಧ ಗಂಟೆ ಮರದ ಕೆಳಗೆ ಮಲಗಿದರೆ ಪಾರ್ಕಿಗೆ ಏನೂ ಆಗಲ್ಲ, ಅವನಿಗೆ ಒಳ್ಳೆಯದಾಗುತ್ತೆ ಅಂತ ಹೇಳಿದ್ದಕ್ಕೆ ನನ್ನನ್ನು ಕ್ರಾಂತಿಕಾರಿಯ ಹಾಗೆ ನೋಡಿದರು. ಕೊನೆಗೆ ಗೇಟು ತೆರೀತು, ಪೂರ್ತಿ ಅಲ್ಲ, ಮೊದಲಿಗಿಂತ ಜಾಸ್ತಿ ಹೊತ್ತು.

ಇನ್ನೊಂದು ಸಮಸ್ಯೆ ಕಣ್ಣಿಗೆ ಬೀಳುವುದೇ ಇಲ್ಲ, ಯಾಕೆಂದರೆ ಅದು ಇಲ್ಲದಿರುವ ಜಾಗದಲ್ಲಿದೆ. ಓಪನ್ ಜಿಮ್ ಎಲ್ಲಿ ಹಾಕುತ್ತಾರೆ? ಪಾರ್ಕಿನಲ್ಲಿ. ಪಾರ್ಕು ಎಲ್ಲಿರುತ್ತೆ? ನಕ್ಷೆ ಹಾಕಿ, ಪಾರ್ಕಿಗೆ ಅಂತ ಜಾಗ ಬಿಟ್ಟು ಕಟ್ಟಿದ ಬಡಾವಣೆಯಲ್ಲಿ. ಹಳೇ ಹಳ್ಳಿಯನ್ನು ನಗರ ನುಂಗಿದ ಕಡೆ, ರೆವಿನ್ಯೂ ಸೈಟುಗಳ ಕಡೆ, ಕೊಳೆಗೇರಿಗಳಲ್ಲಿ ಇಪ್ಪತ್ತು ಅಡಿ ಬಯಲು ಹುಡುಕಿದರೂ ಕಷ್ಟ. ಅಡುಗೆ ಅಕ್ಕ ಇರುವುದು ಅಂಥ ಕಡೆಯೇ. ಹಾಗಾಗಿ ಪಾರ್ಕು ಇದ್ದವರಿಗೇ ಜಿಮ್ಮೂ ಸಿಗುತ್ತೆ. ಬಡವರಿಗೆ ಅಂತ ಮಾಡಿದ ಸೌಲಭ್ಯ ಸೈಟಿನ ಬೆಲೆ ಇನ್ನಷ್ಟು ಏರಿಸಿ ಸುಮ್ಮನಾಗುತ್ತೆ.

ಇದಕ್ಕೆ ಪಾರ್ಕೇ ಬೇಕು ಅಂತೇನಿಲ್ಲ. ಉಕ್ರೇನಿನ ಕೀವ್ ನಗರದಲ್ಲಿ, ನದಿಯ ನಡುವಿನ ದ್ವೀಪದಲ್ಲಿ ಕಚಾಲ್ಕಾ ಅನ್ನುವ ಬಯಲು ಜಿಮ್ ಇದೆ. 1970ರ ದಶಕದಲ್ಲಿ ಶುರುವಾದದ್ದು. ಗುಜರಿ ಕಬ್ಬಿಣ, ಲಾರಿ-ಟ್ರ್ಯಾಕ್ಟರಿನ ಹಳೇ ಭಾಗಗಳನ್ನು ಬೆಸೆದು ಜನ ತಾವೇ ಮಾಡಿಕೊಂಡ ಮೆಷಿನ್ನುಗಳು. ಇವತ್ತಿಗೂ ಉಚಿತ. ಚೀನಾದಲ್ಲಿ 1995ರಲ್ಲಿ ರಾಷ್ಟ್ರೀಯ ಫಿಟ್ನೆಸ್ ಕಾರ್ಯಕ್ರಮ ಶುರುವಾದ ಮೇಲೆ ಕ್ರೀಡಾ ಲಾಟರಿಯ ಹಣದಲ್ಲಿ ವಸತಿ ಕಟ್ಟಡಗಳ ಅಂಗಳಕ್ಕೇ ಇಂಥ ಮೆಷಿನ್ನು ಬಂದವು. ಮುದುಕರು ಮನೆಯ ಚಪ್ಪಲಿಯಲ್ಲೇ ಬಂದು ಬಳಸುವಷ್ಟು ಹತ್ತಿರ. ನಾವೂ ಸರ್ಕಾರಿ ಶಾಲೆಯ ಅಂಗಳದಲ್ಲಿ ಶಾಲೆ ಬಿಟ್ಟ ಮೇಲೆ, ದೇವಸ್ಥಾನದ ಹಿಂದಿನ ಬಯಲಿನಲ್ಲಿ, ಕೆರೆ ಏರಿಯ ಪಕ್ಕದಲ್ಲಿ ಇವನ್ನು ಹಾಕಬಹುದು. ನನಗೆ ಎಲ್ಲಕ್ಕಿಂತ ಸರಿ ಅನ್ನಿಸುವ ಜಾಗ, 2022ರ ಕೊನೆಯಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ ನಮ್ಮ ಕ್ಲಿನಿಕ್‌ಗಳ ಅಕ್ಕಪಕ್ಕ. ಅಲ್ಲಿ ಬಿಪಿ, ಸಕ್ಕರೆ ನೋಡುತ್ತಾರೆ, ವ್ಯಾಯಾಮ ಮಾಡಿ ಅಂತ ಹೇಳುತ್ತಾರೆ. ಎಲ್ಲಿ ಅಂತ ಕೇಳಿದರೆ ಬೆರಳು ತೋರಿಸೋಕೆ ಒಂದು ಜಾಗ ಇರಲಿ.

ಉಳಿದದ್ದು ಗ್ರೀಸು. ತಮಾಷೆಗೆ ಹೇಳ್ತಿಲ್ಲ. ಈ ಮೆಷಿನ್ನುಗಳ ಜೀವ ಇರುವುದು ಬೇರಿಂಗಿನಲ್ಲಿ. ಎರಡು ಮಳೆಗಾಲ, ಒಂದು ಬೇಸಿಗೆಯ ದೂಳು ಸಾಕು, ಕಿರುಗುಟ್ಟೋಕೆ ಶುರು. ಆಮೇಲೆ ಒಂದು ಕಡೆ ಹೆಚ್ಚು ಸವೆದು ಹಿಡಿ ಅಲ್ಲಾಡುತ್ತೆ, ಬೆಸುಗೆ ಬಿಡುತ್ತೆ. ಒಂದು ದಿನ ಯಾರೋ ಅದಕ್ಕೆ ಪ್ಲಾಸ್ಟಿಕ್ ಹಗ್ಗ ಕಟ್ಟುತ್ತಾರೆ, ಅಲ್ಲಿಗೆ ಕಥೆ ಮುಗೀತು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕು ಅಂದರೆ ಡಿಪ್ಲಾಯ್ ಮಾಡಿ ಕೇಕ್ ಕತ್ತರಿಸಿದ ಪ್ರಾಜೆಕ್ಟು, ಸಪೋರ್ಟಿಗೆ ಮಾತ್ರ ಯಾರೂ ಇಲ್ಲ. ಹಣ ಬರುವ ದಾರಿಯೇ ಹಾಗಿದೆ. ಸಂಸದರ, ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಂಥವು ಮುಖ್ಯವಾಗಿ ಆಸ್ತಿ ನಿರ್ಮಿಸೋಕೆ ಇರುವ ದುಡ್ಡು. ಹೊಸದು ಹಾಕಿದರೆ ಬೋರ್ಡಿನ ಮೇಲೆ ಹೆಸರು ಬರುತ್ತೆ, ಗ್ರೀಸ್ ಹಚ್ಚಿದರೆ ಯಾರ ಹೆಸರೂ ಬರಲ್ಲ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ನಮ್ಮ ಬೋರ್ಡಿನಲ್ಲಿ ಕೈ ಮುಗಿದವರ ಫೋಟೋ ಬಿಸಿಲಿಗೆ ಬೆಳ್ಳಗಾಗಿ, ಈಗ ಬರೀ ಮೀಸೆ ಉಳಿದಿದೆ.

ನಮ್ಮ ಪಾರ್ಕಿನ ಎರಡು ಮೆಷಿನ್ ಕೆಟ್ಟಾಗ ಬೋರ್ಡಿನ ಮೇಲಿದ್ದ ಗುತ್ತಿಗೆದಾರರ ನಂಬರಿಗೆ ಫೋನ್ ಮಾಡಿದೆ. ಚಾಲ್ತಿಯಲ್ಲಿಲ್ಲ ಅಂತ ರೆಕಾರ್ಡಿಂಗ್ ಬಂತು. ಕೊನೆಗೆ ಬೆಳಗಿನ ಗುಂಪಿನ ಹೆಂಗಸರು ತಲಾ ನೂರು ರೂಪಾಯಿ ಹಾಕಿದರು, ನಾನೂ ಸೇರಿಕೊಂಡೆ. ಹತ್ತಿರದ ಗ್ಯಾರೇಜಿನ ಮೆಕ್ಯಾನಿಕ್ ಒಂದು ಭಾನುವಾರ ಬಂದು ಬೇರಿಂಗ್ ಬದಲಿಸಿ, ಬೆಸುಗೆ ಹಾಕಿ ಕೊಟ್ಟರು. ಮೂರು ಗಂಟೆ ಕೆಲಸ. ಪಾರ್ಕ್ ನೋಡಿಕೊಳ್ಳುವ ತಾತನಿಗೆ ಗ್ರೀಸ್ ಹಚ್ಚುವುದು ಹೇಗೆ ಅಂತ ತೋರಿಸಿ, ಒಂದು ಡಬ್ಬಿ ಅಲ್ಲೇ ಬಿಟ್ಟು ಹೋದರು. ನಾವು ಹೀಗೆ ಮಾಡಿದ್ದೇವೆ, ನೀವೂ ಮಾಡಿ ಅಂತ ಉಪದೇಶ ಮಾಡೋಕೆ ಇದನ್ನು ಹೇಳುತ್ತಿಲ್ಲ. ನೂರು ರೂಪಾಯಿ ಹಾಕುವ ಶಕ್ತಿ ಇರುವ ಗುಂಪು ನಮ್ಮಲ್ಲಿತ್ತು, ಅದಕ್ಕೇ ಆಯಿತು. ಆ ಶಕ್ತಿ ಇಲ್ಲದ ಕಡೆ ಮೆಷಿನ್ನಿಗೆ ಹಗ್ಗ ಕಟ್ಟಿಯೇ ಇರುತ್ತೆ. ಆದ್ದರಿಂದಲೇ ಖರೀದಿಯ ಟೆಂಡರಿನಲ್ಲೇ ಐದು ವರ್ಷದ ನಿರ್ವಹಣೆಯೂ ಸೇರಿರಬೇಕು ಅಂತ ಕೇಳಬೇಕಾದವರು ನಾವು. ಎಸ್‌ಎಲ್‌ಎ ಅಂದರೇನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಗೇಟು ತಡವಾಗಿ ಮುಚ್ಚೋಕೆ ಶುರುವಾದ ಮೇಲೆ ಅಡುಗೆ ಅಕ್ಕ ವಾರಕ್ಕೆ ಮೂರು ದಿನ ಕೆಲಸ ಮುಗಿಸಿ, ರಾತ್ರಿ ಎಂಟೂವರೆ ಹೊತ್ತಿಗೆ ಬರುತ್ತಾರೆ. ಮನೆಗೆ ಹೋಗುವ ಬಸ್ಸು ಒಂಬತ್ತಕ್ಕೆ. ಅಷ್ಟರಲ್ಲಿ ಇಪ್ಪತ್ತು ನಿಮಿಷ ಸಿಗುತ್ತೆ. ಮೊದಲ ದಿನ ಒಂದು ಮೆಷಿನ್ನಿನ ಮುಂದೆ ನಿಂತು “ಇದ್ರಲ್ಲಿ ಏನ್ ಬರ್ದವ್ರೆ ಅಣ್ಣ?” ಅಂತ ಕೇಳಿದರು. ಸೂಚನೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಮಂಡಿ ನೋವಿದ್ದವರು ಇದನ್ನು ಬಳಸಬೇಡಿ ಅನ್ನುವುದೂ ಇಂಗ್ಲಿಷಿನಲ್ಲೇ. ಆ ಶನಿವಾರ ಕೂತು ಎಂಟೂ ಮೆಷಿನ್ನಿಗೆ ಕನ್ನಡದಲ್ಲಿ ಎರಡೆರಡು ಸಾಲು ಬರೆದು, ಲ್ಯಾಮಿನೇಟ್ ಮಾಡಿಸಿ ಕಟ್ಟಿದೆ. ಮೆಷಿನ್ನುಗಳ ಮೇಲಿನ ದೀಪ ಮಾತ್ರ ಇನ್ನೂ ಉರಿಯುತ್ತಿಲ್ಲ. ಅಕ್ಕ ರಸ್ತೆ ಬದಿಯ ಬೆಳಕು ಬೀಳುವ ಎರಡು ಮೆಷಿನ್ನನ್ನಷ್ಟೇ ಬಳಸುತ್ತಾರೆ.

ಅಮ್ಮ ಊರಿಗೆ ವಾಪಸ್ ಹೋಗಿ ಒಂದು ವರ್ಷವಾಯಿತು. ಗರಡಿ ಮನೆಯ ಚಾವಣಿ ಕುಸಿದು ಅದರೊಳಗೆ ಈಗ ಯಾರದೋ ಹುಲ್ಲು ತುಂಬಿದ್ದಾರೆ. ಮೊನ್ನೆ ಫೋನಿನಲ್ಲಿ, ಹಸುವಿನ ಕರು, ಮಳೆ, ಚಿಕ್ಕಪ್ಪನ ಜಗಳ ಎಲ್ಲ ಆದಮೇಲೆ, ಮೆಲ್ಲಗೆ ಕೇಳಿದರು: “ಅಲ್ಲ ಮಗ, ಆ ಎಳೆಯೋ ಮಿಸಿನ್ನು ಒಂದಕ್ಕೆ ಏಸಾಯ್ತದೆ? ಇಸ್ಕೂಲ್ ಬಯಲಲ್ಲಿ ಮೂರ್ ಹಾಕಿದ್ರೆ ಸಾಕು. ನಾವ್ ಆರೇಳ್ ಜನ ಇದ್ದೀವಿ.” ಹಾಕಿಸುವುದು ಸುಲಭ ಅಮ್ಮ, ಆಮೇಲೆ ಯಾರು ನೋಡ್ಕೋತಾರೆ, ಬೀಗ ಯಾರ ಹತ್ರ ಇರುತ್ತೆ ಅಂದೆ. “ಬಯಲಿಗೆ ಎಂತಾ ಬೀಗ್ವೋ? ಎಣ್ಣೆ ನಾನ್ ಬುಡ್ತೀನಿ” ಅಂದರು.

ಹೆಡ್‌ಮಾಸ್ಟರ್ ಒಪ್ಪಿದ್ದಾರೆ. ಪಂಚಾಯ್ತಿಯಲ್ಲಿ ಅರ್ಜಿ ಕೊಟ್ಟಿದ್ದೇವೆ, ಉತ್ತರ ಇನ್ನೂ ಬರಬೇಕು.